ತನ್ನಲ್ಲಿಯೂ ನಂಬಿಕೆ: ಯೆಹೂದಿ ಮತ್ತು ಹಸೀದಿ ಪರಂಪರೆಯಲ್ಲಿ ಆತ್ಮವಿಶ್ವಾಸದ ಬೇರುಗಳು

ಯೆಹೂದಿ ಧರ್ಮಶಾಸ್ತ್ರದ ಮೊದಲ ದೊಡ್ಡ ಸಂಕಲನವಾದ ಮಿಶ್ನಾ ಕ್ರಿ.ಶ. 200ರ ಸುಮಾರಿಗೆ ಗಲಿಲಾಯ ಪ್ರಾಂತದಲ್ಲಿ ರಬ್ಬಿ ಯೆಹೂದಾ ಹನಾಸಿಯ ಮೇಲ್ವಿಚಾರಣೆಯಲ್ಲಿ ಸಿದ್ಧವಾಯಿತು. ಅದರಲ್ಲಿ ನ್ಯಾಯಾಲಯಗಳ ರಚನೆ, ಸಾಕ್ಷ್ಯ ಮತ್ತು ಶಿಕ್ಷೆಗಳಿಗೆ ಮೀಸಲಾದ ಸನ್ಹೆದ್ರಿನ್ ಎಂಬ ಭಾಗವಿದೆ. ಮರಣದಂಡನೆಗೆ ಒಳಗಾಗಬಹುದಾದ ಆರೋಪಿಯ ವಿರುದ್ಧ ಸಾಕ್ಷಿ ಹೇಳಲು ಬಂದವರನ್ನು ನ್ಯಾಯಾಧೀಶರು ಹೇಗೆ ಎಚ್ಚರಿಸಬೇಕು ಎಂಬುದನ್ನು ಅದರ ನಾಲ್ಕನೆಯ ಅಧ್ಯಾಯ ಸಾವಧಾನವಾಗಿ ವಿವರಿಸುತ್ತದೆ. ಊಹೆಯಿಂದಾಗಲಿ, ಇನ್ನೊಬ್ಬರ ಬಾಯಿಂದ ಕೇಳಿದ್ದರಿಂದಾಗಲಿ ಸಾಕ್ಷಿ ನುಡಿಯಬಾರದು. ಹಣದ ವ್ಯಾಜ್ಯದಲ್ಲಿ ತಪ್ಪಿದವನು ಹಣ ತೆತ್ತು ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದು, ಆದರೆ ಪ್ರಾಣದ ಪ್ರಶ್ನೆಯಲ್ಲಿ ಸತ್ತವನ ರಕ್ತವೂ ಅವನಿಂದ ಹುಟ್ಟಬೇಕಾಗಿದ್ದ ಸಂತತಿಯ ರಕ್ತವೂ ಲೋಕಾಂತ್ಯದವರೆಗೆ ಸುಳ್ಳುಸಾಕ್ಷಿಯ ಮೇಲೆಯೇ ಇರುತ್ತದೆ ಎಂದು ಅದು ಹೇಳುತ್ತದೆ. ಆದಾಮನನ್ನು ಒಂಟಿಯಾಗಿ ಸೃಷ್ಟಿಸಿದ್ದೇಕೆಂಬ ಪ್ರಶ್ನೆ ಈ ಸಂದರ್ಭದಲ್ಲಿಯೇ ಏಳುತ್ತದೆ. ಒಂದು ಜೀವವನ್ನು ಅಳಿಸಿದವನು ಇಡೀ ಲೋಕವನ್ನೇ ಅಳಿಸಿದಂತೆ, ಒಂದು ಜೀವವನ್ನು ಉಳಿಸಿದವನು ಇಡೀ ಲೋಕವನ್ನೇ ಉಳಿಸಿದಂತೆ ಎಂಬುದು ಒಂದು ಉತ್ತರವಾದರೆ, ಮನುಷ್ಯ ಒಂದೇ ಅಚ್ಚಿನಿಂದ ಹೊಡೆದ ನಾಣ್ಯಗಳೆಲ್ಲ ಒಂದೇ ರೀತಿ ಇರುತ್ತವೆ, ದೇವರು ಆದಾಮನ ಒಂದೇ ಅಚ್ಚಿನಿಂದ ಎಲ್ಲರನ್ನೂ ಮೂಡಿಸಿದರೂ ಒಬ್ಬನಂತೆ ಇನ್ನೊಬ್ಬನಿಲ್ಲ ಎಂಬುದು ಮತ್ತೊಂದು. ಆದುದರಿಂದ ಲೋಕ ಸೃಷ್ಟಿಯಾದದ್ದು ತನಗಾಗಿ ಎಂದು ಹೇಳಿಕೊಳ್ಳಲು ಪ್ರತಿಯೊಬ್ಬನೂ ಬಾಧ್ಯನಾಗಿದ್ದಾನೆ ಎಂದು ಮಿಶ್ನಾ ತೀರ್ಮಾನಿಸುತ್ತದೆ.

ಯೆಹೂದಿ ಚಿಂತನೆಯಲ್ಲಿ ಮನುಷ್ಯನ ಸ್ವಂತ ಬೆಲೆಯ ಕುರಿತಾದ ಅತ್ಯಂತ ಪ್ರಸಿದ್ಧವಾದ ಈ ಮಾತು ನೊಂದವನನ್ನು ಸಂತೈಸುವುದಕ್ಕಾಗಿ ಹುಟ್ಟಿದ್ದಲ್ಲ, ಇನ್ನೊಬ್ಬನ ಪ್ರಾಣ ತನ್ನ ನಾಲಗೆಯ ಮೇಲೆ ನಿಂತಿರುವ ಸಾಕ್ಷಿಗಾರನನ್ನು ಎಚ್ಚರಿಸುವುದಕ್ಕಾಗಿ ಹುಟ್ಟಿದ್ದು. ತನ್ನ ಮಾತಿನಿಂದ ಏನೂ ಆಗುವುದಿಲ್ಲವೆಂದು ಭಾವಿಸಿದವನು ಹಗುರವಾಗಿ ಮಾತನಾಡುತ್ತಾನೆ. ಲೋಕದ ಭಾರ ತನ್ನ ಮೇಲಿದೆಯೆಂದು ತಿಳಿದವನು ತೂಗಿ ಮಾತನಾಡುತ್ತಾನೆ. ಹಾಗಾಗಿ ಈ ಪರಂಪರೆಯಲ್ಲಿ ತನ್ನ ಮೇಲಿನ ನಂಬಿಕೆ ಮೊದಲಿನಿಂದಲೂ ಹಕ್ಕಾಗಿ ಬರದೆ ಹೊಣೆಯಾಗಿಯೇ ಬಂದಿತು. ಮುಂದಿನ ಹದಿನೇಳು ಶತಮಾನಗಳ ಬೆಳವಣಿಗೆಯನ್ನು ಅರ್ಥಮಾಡಿಕೊಳ್ಳಲು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಅವಶ್ಯ. ಪಾಠದ ಇತಿಹಾಸದಲ್ಲಿಯೂ ಗಮನಿಸಬೇಕಾದ ಸಂಗತಿಯೊಂದಿದೆ. ರೂಢಿಯಲ್ಲಿರುವ ಮುದ್ರಿತ ಪ್ರತಿಗಳು ಇಸ್ರಾಯೇಲಿನ ಒಂದು ಜೀವ ಎಂದು ಹೇಳಿದರೆ, ಕೌಫ್‌ಮನ್ ಹಸ್ತಪ್ರತಿಯಂತಹ ಹಳೆಯ ಪ್ರತಿಗಳಲ್ಲಿ ಈ ಮಿತಿಯಿಲ್ಲ. ಸಕಲ ಮನುಷ್ಯರ ಮೂಲಪುರುಷನಾದ ಆದಾಮನನ್ನೇ ಆಧಾರವಾಗಿಟ್ಟುಕೊಂಡ ವಾದಕ್ಕೆ ಆ ಹಳೆಯ ಪಾಠವೇ ಒಪ್ಪುವಂಥದು.

ಇದಕ್ಕೆ ಎದುರಾದ ಧ್ವನಿಯೂ ಮೂಲ ಗ್ರಂಥಗಳಲ್ಲಿ ಅಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನನ್ನು ದೇವರ ಸ್ವರೂಪದಲ್ಲಿ ಉಂಟಾದವನೆಂದು ಕರೆದರೆ, ಅದೇ ಗ್ರಂಥದ ಹದಿನೆಂಟನೆಯ ಅಧ್ಯಾಯದಲ್ಲಿ ಅಬ್ರಹಾಮನು ತಾನು ಮಣ್ಣು ಮತ್ತು ಬೂದಿಯಷ್ಟೇ ಎಂದು ಹೇಳಿಕೊಳ್ಳುತ್ತಾನೆ. ಆದರೆ ಅವನು ಹಾಗೆ ಹೇಳಿಕೊಳ್ಳುವುದು ಸೊದೋಮ್ ಪಟ್ಟಣವನ್ನು ಉಳಿಸಬೇಕೆಂದು ದೇವರೊಡನೆಯೇ ವಾದಕ್ಕೆ ಇಳಿದಿರುವ ಗಳಿಗೆಯಲ್ಲಿ, ಐವತ್ತು ಮಂದಿ ನೀತಿವಂತರಿಂದ ತೊಡಗಿ ಹತ್ತರವರೆಗೆ ಲೆಕ್ಕವನ್ನು ಇಳಿಸುತ್ತಾ ಹೋಗುವ ನಡುವೆ. ಆತನ ವಿನಯ ಆತನ ಬಾಯನ್ನು ಕಟ್ಟಲಿಲ್ಲ. ಅರಣ್ಯಕಾಂಡದಲ್ಲಿ ಕಾನಾನ್ ದೇಶವನ್ನು ನೋಡಿಬರಲು ಹೋದ ಗೂಢಚಾರರ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಹನ್ನೆರಡು ಮಂದಿ ಕುಲನಾಯಕರು ನಲವತ್ತು ದಿನ ಸುತ್ತಿ ಬಂದ ಮೇಲೆ ಅವರಲ್ಲಿ ಹತ್ತು ಮಂದಿ, ಅಲ್ಲಿನ ದೈತ್ಯಾಕಾರದವರ ಮುಂದೆ ತಾವು ತಮ್ಮ ಕಣ್ಣಿಗೇ ಮಿಡತೆಗಳಂತೆ ಕಂಡೆವು, ಅವರ ಕಣ್ಣಿಗೂ ಹಾಗೆಯೇ ಕಂಡೆವು ಎಂದು ವರದಿ ಮಾಡಿದರು. ಆ ಜನರ ಕಣ್ಣಿಗೆ ತಾವು ಹೇಗೆ ಕಂಡೆವೆಂಬುದು ಗೂಢಚಾರರಿಗೆ ತಿಳಿದದ್ದಾದರೂ ಹೇಗೆ, ದೇವದೂತರಂತೆ ಕಂಡಿರಲೂಬಹುದಲ್ಲ ಎಂದು ಮಿದ್ರಾಶ್, ಅಂದರೆ ಶ್ರುತಿವಾಕ್ಯಗಳನ್ನು ಕೆದಕಿ ವಿವರಿಸುವ ಪ್ರಾಚೀನ ವ್ಯಾಖ್ಯಾನ ಸಾಹಿತ್ಯ, ದೇವರ ಬಾಯಿಂದಲೇ ಕೇಳಿಸುತ್ತದೆ. ಮಿದ್ರಾಶ್ ಆಕ್ಷೇಪಿಸಿದ್ದು ಅವರ ಮಾತಿನ ಎರಡನೆಯ ಅರ್ಧವನ್ನು. ನಂತರ ಪೂರ್ವ ಯೂರೋಪಿನಲ್ಲಿ ಹುಟ್ಟಿದ ಹಸೀದಿ ಪಂಥದ ಬೋಧಕರು ದೋಷ ಮೊದಲನೆಯ ಅರ್ಧದಿಂದಲೇ ಆರಂಭವಾಯಿತೆಂದು ಓದಿದರು. ರಾಜನಾದ ಸೌಲನಿಗೂ ಪ್ರವಾದಿ ಸಮುವೇಲನು ಇದೇ ದೋಷವನ್ನು ಎತ್ತಿ ತೋರಿಸಿದನು: ತನ್ನ ದೃಷ್ಟಿಯಲ್ಲಿ ಎಷ್ಟೇ ಅಲ್ಪನಾಗಿದ್ದರೂ ಅವನು ಇಸ್ರಾಯೇಲ್ ಕುಲಗಳ ಶಿರಸ್ಸಾಗಿದ್ದನು, ಆದರೂ ಜನಕ್ಕೆ ಹೆದರಿ ಆಜ್ಞೆಯನ್ನು ಮೀರಿದನು.

ಮಿಶ್ನಾದ ನೀತಿಭಾಗವಾದ ಆವೋತ್‌ನಲ್ಲಿ ಈ ಎರಡು ಧ್ವನಿಗಳೂ ಅಕ್ಕಪಕ್ಕದಲ್ಲಿ ಕುಳಿತಿವೆ. ತನ್ನ ಪಕ್ಷವನ್ನು ತಾನೇ ವಹಿಸದಿದ್ದರೆ ಇನ್ನಾರು ವಹಿಸಬೇಕು, ತನಗಾಗಿ ಮಾತ್ರವೇ ಇದ್ದರೆ ತಾನು ಏನಾದಂತಾಯಿತು ಎಂದು ಹಿಲ್ಲೇಲ್ ಕೇಳುತ್ತಾನೆ. ಮನುಷ್ಯ ತನ್ನ ಕಣ್ಣಿಗೆ ತಾನೇ ದುಷ್ಟನಾಗಬಾರದೆಂದು ರಬ್ಬಿ ಶಿಮೋನ್ ಬೆನ್ ನೆತನೇಲ್ ವಿಧಿಸುತ್ತಾನೆ. ಬಂದದ್ದು ಕೊಳೆತ ಹನಿಯಿಂದ, ಹೋಗುವುದು ಹುಳುಗಳ ಎಡೆಗೆ ಎಂಬುದನ್ನು ಮರೆಯಬಾರದೆಂದು ಅಕಾವ್ಯಾ ಬೆನ್ ಮಹಲಲೇಲ್ ನೆನಪಿಸುತ್ತಾನೆ. ತಾಲ್ಮುದ್ ಎಂಬ ಬೃಹತ್ ಚರ್ಚಾಗ್ರಂಥವಂತೂ ಗರ್ವದ ವಿಷಯದಲ್ಲಿ ಅತ್ಯಂತ ಕಠಿಣವಾಗಿದ್ದು, ಗರ್ವಿಷ್ಠನೂ ತಾನೂ ಒಂದೇ ಲೋಕದಲ್ಲಿ ವಾಸಿಸಲಾರೆವೆಂದು ದೇವರೇ ಹೇಳುವುದಾಗಿ ಅದು ಚಿತ್ರಿಸುತ್ತದೆ. ಅದೇ ಪುಟದಲ್ಲಿ ಶಾಸ್ತ್ರ ಬಲ್ಲವನಲ್ಲಿ ಎಂಟರಲ್ಲಿ ಒಂದು ಪಾಲಿನ ಎಂಟನೆಯ ಒಂದು ಪಾಲಿನಷ್ಟು ಗರ್ವವಾದರೂ ಇರಬೇಕೆಂಬ ಅಭಿಪ್ರಾಯ ದಾಖಲಾಗಿದೆ, ಅದರ ಬೆನ್ನಿಗೇ ಅಷ್ಟೂ ಇರಕೂಡದು, ಅದರ ಅಂಶವೂ ಇರಕೂಡದು ಎಂಬ ರವ್ ನಹ್ಮಾನ್ ಬರ್ ಯಿತ್ಸ್‌ಹಾಕನ ಖಂಡನೆಯೂ ದಾಖಲಾಗಿದೆ.

ಮಧ್ಯಯುಗದ ನೀತಿಗ್ರಂಥಗಳಲ್ಲಿ ತಕ್ಕಡಿ ವಿನಯದ ಕಡೆಗೆ ವಾಲಿತು. ಹನ್ನೊಂದನೆಯ ಶತಮಾನದ ಸ್ಪೇನಿನಲ್ಲಿ ಬಹ್ಯಾ ಇಬ್ನ್ ಪಕೂದಾ ಅರಬ್ಬಿಯಲ್ಲಿ ಬರೆದ ಹೃದಯದ ಕರ್ತವ್ಯಗಳ ಕುರಿತ ಗ್ರಂಥ ದೇವರ ಮುಂದೆ ಬಾಗುವುದಕ್ಕೆ ಒಂದು ಇಡೀ ವಿಭಾಗವನ್ನೇ ಮೀಸಲಿಟ್ಟಿದೆ. ಕೊರ್ದೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ನೆಲೆಸಿದ ಮೈಮೊನಿದೆಸ್ (1138–1204) ಉಳಿದ ಗುಣಗಳಲ್ಲಿ ಮಧ್ಯಮಮಾರ್ಗವನ್ನು ಬೋಧಿಸಿದರೂ ಗರ್ವದ ವಿಷಯ ಬಂದಾಗ ಮಧ್ಯದಲ್ಲಿ ನಿಲ್ಲದೆ ದೈನ್ಯದ ತುದಿಗೆ ಹೋಗಬೇಕೆಂದು ವಿಧಿಸಿದನು. ಆದರೆ ಪಶ್ಚಾತ್ತಾಪದ ನಿಯಮಗಳನ್ನು ವಿವರಿಸುವಲ್ಲಿ ಇದೇ ಮೈಮೊನಿದೆಸ್ ಯಾರ ಹಣೆಯಲ್ಲಿಯೂ ಒಳ್ಳೆಯವನು, ಕೆಟ್ಟವನು ಎಂದು ಮೊದಲೇ ಬರೆದಿಲ್ಲ, ಪ್ರತಿಯೊಬ್ಬ ಮನುಷ್ಯನೂ ಮೋಶೆಯಂತೆ ನೀತಿವಂತನಾಗಬಲ್ಲ, ಯಾರೊಬ್ಬಾಮನಂತೆ ದುಷ್ಟನೂ ಆಗಬಲ್ಲ ಎಂದು ಸಾರಿದನು. ವಿಧಿವಾದವನ್ನು ಅವನು ಮೂಢರ ಮಾತೆಂದು ತಳ್ಳಿಹಾಕಿದ ಈ ಪ್ರಕರಣ, ತನ್ನ ಶಕ್ತಿಯ ಮೇಲಿನ ನಂಬಿಕೆಗೆ ಧರ್ಮಶಾಸ್ತ್ರ ಒದಗಿಸಿದ ಅತ್ಯಂತ ಭದ್ರವಾದ ಆಧಾರಗಳಲ್ಲಿ ಒಂದು.

ಹದಿನಾರನೆಯ ಶತಮಾನದಲ್ಲಿ ಗಲಿಲಾಯದ ಸಫೆದ್ ಪಟ್ಟಣದಲ್ಲಿ ಯಿತ್ಸ್‌ಹಾಕ್ ಲೂರಿಯಾ (1534–1572) ಮತ್ತು ಅವನ ಶಿಷ್ಯರು ಕಬ್ಬಾಲಾ ಎಂಬ ರಹಸ್ಯವಿದ್ಯೆಗೆ ಹೊಸ ರೂಪ ಕೊಟ್ಟರು. ಸೃಷ್ಟಿಯ ಆದಿಯಲ್ಲಿ ದಿವ್ಯಬೆಳಕನ್ನು ಹಿಡಿಯಬೇಕಾಗಿದ್ದ ಪಾತ್ರೆಗಳು ಒಡೆದು ಕಿಡಿಗಳು ಜಗತ್ತಿನಲ್ಲೆಲ್ಲ ಚದರಿಹೋದವು, ಅವುಗಳನ್ನು ಎತ್ತಿ ಮೂಲಕ್ಕೆ ಸೇರಿಸುವ ಕೆಲಸ ಮನುಷ್ಯನ ಪ್ರಾರ್ಥನೆ ಮತ್ತು ಕರ್ಮಗಳಿಂದ ನಡೆಯುತ್ತದೆ ಎಂಬ ಈ ದರ್ಶನ, ಸಾಮಾನ್ಯನ ಒಂದು ಆಶೀರ್ವಚನಕ್ಕೂ ಮೇಲಣ ಲೋಕಗಳ ಮೇಲೆ ಪರಿಣಾಮವಿದೆಯೆಂದು ಹೇಳುತ್ತದೆ. ತತ್ತ್ವ ಇಷ್ಟು ಉದಾರವಾಗಿದ್ದರೂ ಅದರ ಸುತ್ತ ಬೆಳೆದ ಆಚರಣೆ ಕಠೋರ ಉಪವಾಸ ಮತ್ತು ದೇಹದಂಡನೆಗಳದ್ದಾಗಿತ್ತು. ತನ್ನ ಒಂದು ಪಾಪ ಲೋಕಗಳನ್ನೇ ಕೆಡಿಸುತ್ತದೆಂದು ನಂಬಿದವನಿಗೆ ಧೈರ್ಯಕ್ಕಿಂತ ಭಯವೇ ಹೆಚ್ಚಾಗುವುದು ಸಹಜ.

ಈ ಭಯದ ಧಾರ್ಮಿಕತೆ ಪೂರ್ವ ಯೂರೋಪಿನಲ್ಲಿ ಹರಡಿದ್ದು ಅಲ್ಲಿನ ಯೆಹೂದಿಗಳು ಒಂದರ ಮೇಲೊಂದು ಪೆಟ್ಟು ತಿನ್ನುತ್ತಿದ್ದ ಕಾಲದಲ್ಲಿ. ಖ್ಮೆಲ್ನಿತ್ಸ್ಕಿಯ ದಂಗೆಯಲ್ಲಿ 1648–49ರಲ್ಲಿ ಉಕ್ರೇನಿನ ಯೆಹೂದಿ ಊರುಗಳು ನಾಶವಾದವು. 1665–66ರಲ್ಲಿ ಶಬ್ಬತಾಯ್ ತ್ಸ್ವಿ ತಾನೇ ಮೆಸ್ಸೀಯನೆಂದು ಸಾರಿಕೊಂಡು ಕೊನೆಗೆ ಇಸ್ಲಾಮಿಗೆ ಮತಾಂತರಗೊಂಡಾಗ ಅವನನ್ನು ನಂಬಿದ್ದ ಊರೂರುಗಳ ಜನ ದಿಕ್ಕೆಟ್ಟರು. ಪೋಲೆಂಡಿನ ಯೆಹೂದಿಗಳ ಸ್ವಯಮಾಡಳಿತ ಸಂಸ್ಥೆಯಾಗಿದ್ದ ನಾಲ್ಕು ದೇಶಗಳ ಮಂಡಲಿಯನ್ನು 1764ರಲ್ಲಿ ಸರ್ಕಾರ ರದ್ದುಗೊಳಿಸಿತು. ಊರಿಂದೂರಿಗೆ ಸುತ್ತುತ್ತಿದ್ದ ಪ್ರವಚನಕಾರರಲ್ಲಿ ಹಲವರು ನರಕದ ವರ್ಣನೆಯಿಂದ ಜನರನ್ನು ನಡುಗಿಸುತ್ತಿದ್ದರು. ತಾಲ್ಮುದ್ ಓದಿದವನಿಗೆ ಗೌರವ, ಓದಲು ಬಿಡುವಿಲ್ಲದ ಗಾಡಿಯವನಿಗೂ ಹೆಂಡದಂಗಡಿಯವನಿಗೂ ತಾತ್ಸಾರ ಎಂಬ ಅಂತರ ಸಮಾಜದಲ್ಲಿ ಆಳವಾಗಿತ್ತು.

ಪೊದೋಲಿಯಾ ಪ್ರಾಂತದ ಮೆಜ್ಬಿಜ್ ಎಂಬ ಪಟ್ಟಣದಲ್ಲಿ ನೆಲೆಸಿ 1760ರಲ್ಲಿ ತೀರಿಕೊಂಡ ಇಸ್ರಾಯೇಲ್ ಬೆನ್ ಎಲಿಯೇಜರ್ ಬೋಧಿಸಿದ್ದು ಇಂತಹ ಜನಕ್ಕೆ. ದೇವನಾಮದ ಬಲದಿಂದ ರೋಗ ನಿವಾರಿಸುವವರನ್ನು ಬಾಅಲ್ ಶೇಮ್ ಎಂದು ಕರೆಯುತ್ತಿದ್ದರು; ಹಸೀದಿ ಪಂಥದ ಮೂಲಪುರುಷನಾದ ಈತ ಬಾಅಲ್ ಶೇಮ್ ತೋವ್ ಎಂದೇ ಹೆಸರಾದನು. ಅವನು ಗ್ರಂಥವನ್ನು ಬರೆಯಲಿಲ್ಲ. ಅವನ ಬೋಧನೆ ಬಹುಮಟ್ಟಿಗೆ ಉಳಿದಿರುವುದು ಪೊಲೊನ್ನೆಯ ಯಾಕೋವ್ ಯೋಸೆಫ್ ಬರೆದು 1780ರಲ್ಲಿ ಕೊರೆತ್ಸ್‌ನಲ್ಲಿ ಅಚ್ಚಾದ ತೋಲ್ದೋತ್ ಯಾಕೋವ್ ಯೋಸೆಫ್ ಎಂಬ, ಮುದ್ರಣ ಕಂಡ ಮೊತ್ತಮೊದಲ ಹಸೀದಿ ಗ್ರಂಥದಲ್ಲಿ. ಈ ಯಾಕೋವ್ ಯೋಸೆಫ್ ಮೊದಲು ಉಪವಾಸಗಳಿಂದ ದೇಹವನ್ನು ಒಣಗಿಸಿಕೊಳ್ಳುತ್ತಿದ್ದ ಕಟ್ಟುನಿಟ್ಟಿನ ಪಂಡಿತ. ಅದನ್ನು ಬಿಡಬೇಕೆಂದು ಗುರು ಅವನಿಗೆ ಬರೆದ ಪತ್ರ ಹಸೀದಿ ಕಥಾಸಂಗ್ರಹದಲ್ಲಿ ಉಳಿದುಬಂದಿದೆ. ಅವನ ಗ್ರಂಥದಲ್ಲಿ ಗುರುವಿನ ಹೆಸರಿನಲ್ಲಿ ಬರುವ ಒಂದು ಬೋಧನೆ ಈ ಚರಿತ್ರೆಯ ತಿರುವು. ವಿನಯ ಅತಿಯಾದಾಗ ಅದೇ ಮನುಷ್ಯನನ್ನು ದೇವರ ಸೇವೆಯಿಂದ ದೂರ ಮಾಡುತ್ತದೆ, ಏಕೆಂದರೆ ತಾನು ಅಲ್ಪನೆಂದು ತಿಳಿದವನು ತನ್ನ ಪ್ರಾರ್ಥನೆಯಿಂದ ಎಲ್ಲ ಲೋಕಗಳಿಗೂ ಸಮೃದ್ಧಿ ಇಳಿಯುತ್ತದೆ ಎಂಬುದನ್ನು ನಂಬುವುದಿಲ್ಲ. ಯಾಕೋಬನು ಕನಸಿನಲ್ಲಿ ಕಂಡ, ನೆಲದಲ್ಲಿ ನಿಂತು ಆಕಾಶವನ್ನು ಮುಟ್ಟುವ ಏಣಿ ತಾನೇ ಎಂದು ಅವನು ನಂಬಿದ್ದರೆ ತನ್ನ ಮಾತು, ನಡೆ, ವ್ಯವಹಾರ ಎಲ್ಲವೂ ಮೇಲೆ ಗುರುತು ಮೂಡಿಸುತ್ತವೆಂದು ಅರಿತು ಎಚ್ಚರದಿಂದ ನಡೆಯುತ್ತಿದ್ದನು ಎಂಬುದು ಆ ಬೋಧನೆಯ ಸಾರ. ಸಾಕ್ಷಿಗಾರನಿಗೆ ಮಿಶ್ನಾ ಹೇಳಿದ ಎಚ್ಚರಿಕೆ ಇಲ್ಲಿ ದಿನನಿತ್ಯದ ಬದುಕಿಗೆ ವಿಸ್ತರಿಸಿತು. ಶತಮಾನಗಳಿಂದ ಸದ್ಗುಣವೆನಿಸಿದ್ದ ವಿನಯವೇ ಪಾಪಕ್ಕೆ ನೆಪವಾಗಬಲ್ಲದು ಎಂಬುದನ್ನು ಇಷ್ಟು ನೇರವಾಗಿ ಗುರುತಿಸಿದ್ದು ಬಾಅಲ್ ಶೇಮ್ ತೋವನ ನಿಜವಾದ ಹಿರಿಮೆ. ಅವನ ಹೆಸರಿನೊಡನೆ ತಳುಕು ಹಾಕಿಕೊಂಡ ಪವಾಡಗಳು ಇದರ ಮುಂದೆ ಸಣ್ಣವು.

ಆದರೆ ಚಳವಳಿ ಬೆಳೆದಂತೆ ಅದರೊಳಗೆ ಇನ್ನೊಂದು ಸೆಳೆತ ಬಲವಾಯಿತು. ತ್ಸದ್ದಿಕ್, ಅಂದರೆ ಸಿದ್ಧಿ ಪಡೆದ ನೀತಿವಂತ ಗುರು, ದೇವರಿಗೂ ಜನಕ್ಕೂ ನಡುವಿನ ಕಾಲುವೆ ಎಂಬ ತತ್ತ್ವವನ್ನು ಲಿಜೆನ್ಸ್ಕ್‌ನ ಎಲಿಮೆಲೆಖ್ (1717–1787) ತನ್ನ ನೋಆಮ್ ಎಲಿಮೆಲೆಖ್ ಗ್ರಂಥದಲ್ಲಿ ವಿಸ್ತಾರವಾಗಿ ಕಟ್ಟಿದನು. ಸಂತಾನ, ಆರೋಗ್ಯ, ಜೀವನೋಪಾಯಗಳ ಬೇಡಿಕೆಯನ್ನು ಚೀಟಿಯಲ್ಲಿ ಬರೆದು ಕಾಣಿಕೆಯೊಡನೆ ಗುರುವಿಗೆ ಒಪ್ಪಿಸುವ ಪದ್ಧತಿ ಊರ್ಜಿತವಾಯಿತು. ಕೆಂಪು ಸಮುದ್ರವನ್ನು ದಾಟಿದ ಜನರು ದೇವರಲ್ಲಿಯೂ ಆತನ ಸೇವಕನಾದ ಮೋಶೆಯಲ್ಲಿಯೂ ನಂಬಿಕೆಯಿಟ್ಟರು ಎಂಬ ವಿಮೋಚನಕಾಂಡದ ವಾಕ್ಯ ಗುರುನಿಷ್ಠೆಗೆ ಶಾಸ್ತ್ರಾಧಾರವಾಯಿತು. ಗುರು ಇರುವಾಗ ತನ್ನನ್ನು ತಾನು ನಂಬುವ ಅಗತ್ಯವೇನು ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳದಿದ್ದರೂ ಈ ವ್ಯವಸ್ಥೆಯಲ್ಲಿ ಅದು ಅಡಗಿತ್ತು, ಮುಂದಿನ ನೂರು ವರ್ಷ ಹಸೀದಿ ಚಿಂತನೆಯ ಅತ್ಯುತ್ತಮ ಮೇಧಾವಿಗಳು ಅದಕ್ಕೆ ಬೇರೆ ಬೇರೆ ರೀತಿಯಲ್ಲಿ ಉತ್ತರ ಕೊಡುತ್ತಾ ಹೋದರು.

ಬೆಲಾರೂಸಿನ ಲಿಯಾದಿಯ ಶ್ನೆಯೂರ್ ಜಲ್ಮಾನ್ (1745–1812) ತನ್ನ ತಾನ್ಯಾ ಗ್ರಂಥವನ್ನು ಈ ಪ್ರಶ್ನೆಯ ಅತ್ಯಂತ ಕಗ್ಗಂಟಿನ ತುದಿಯಿಂದಲೇ ಆರಂಭಿಸುತ್ತಾನೆ. ಶಿಶುವಿನ ಆತ್ಮ ಭೂಮಿಗೆ ಇಳಿಯುವ ಮೊದಲು ಅದರಿಂದ ಪ್ರಮಾಣ ಮಾಡಿಸಿಕೊಳ್ಳಲಾಗುತ್ತದೆ, ಇಡೀ ಲೋಕವೇ ನೀತಿವಂತನೆಂದು ಹೊಗಳಿದರೂ ತನ್ನನ್ನು ದುಷ್ಟನಂತೆಯೇ ಕಾಣಬೇಕೆಂದು ಆಗ ಅದಕ್ಕೆ ಹೇಳಲಾಗುತ್ತದೆ ಎಂಬುದು ತಾಲ್ಮುದ್ ವಚನ. ತನ್ನ ಕಣ್ಣಿಗೆ ತಾನೇ ದುಷ್ಟನಾಗಬಾರದೆಂಬುದು ಆವೋತ್ ವಚನ. ಎರಡೂ ಪ್ರಮಾಣಗ್ರಂಥಗಳೇ ಆಗಿರುವಾಗ ಯಾವುದನ್ನು ಪಾಲಿಸಬೇಕು? ತನ್ನನ್ನು ದುಷ್ಟನೆಂದು ಎಣಿಸಿದವನ ಮನಸ್ಸು ಕುಗ್ಗಿ ಸಂತೋಷದಿಂದ ಸೇವೆ ಮಾಡಲಾರದು, ಕುಗ್ಗದೆ ಹೋದರೆ ಪಾಪವನ್ನೇ ಹಗುರವಾಗಿ ಕಾಣುವ ಅಪಾಯವಿದೆ ಎಂದು ಗ್ರಂಥ ಎರಡು ಕಡೆಯಿಂದಲೂ ಬಿಗಿಯುತ್ತದೆ. ಉತ್ತರವಾಗಿ ಶ್ನೆಯೂರ್ ಜಲ್ಮಾನ್ ಬೆನೋನಿ ಎಂಬ ನಡುವಣ ಮನುಷ್ಯನನ್ನು ಮುಂದಿಡುತ್ತಾನೆ. ಬೆನೋನಿಯೊಳಗಿನ ಕೆಟ್ಟ ಪ್ರವೃತ್ತಿ ಹುಟ್ಟಿದಾಗ ಇದ್ದಷ್ಟೇ ಬಲವಾಗಿ ಉಳಿದಿರುತ್ತದೆ. ಆದರೂ ಅವನು ಅದಕ್ಕೆ ಮಾತು, ಮನಸ್ಸು, ಕಾಯಗಳಲ್ಲಿ ಎಡೆಗೊಡುವುದಿಲ್ಲ. ಪ್ರತಿಯೊಬ್ಬನೂ ಏರಬಹುದಾದ, ಏರಬೇಕಾದ ಮಟ್ಟ ಇದು. ಕೆಟ್ಟ ಯೋಚನೆಗಳು ತಲೆಗೆ ಬಂದವೆಂದು ಕೊರಗುವವನನ್ನು ತಾನ್ಯಾ ವಿಚಿತ್ರವೆನಿಸುವ ರೀತಿಯಲ್ಲಿ ತಿದ್ದುತ್ತದೆ: ಆ ಕೊರಗಿನ ಮೂಲ ಪಾಪಭೀತಿಯಲ್ಲ, ತಾನು ಆಗಲೇ ಸಿದ್ಧಪುರುಷನಾಗಿರಬೇಕಿತ್ತೆಂಬ ಗರ್ವ. ಬಂದ ಯೋಚನೆಯನ್ನು ತಳ್ಳಿದ ಪ್ರತಿ ಸಲವೂ ಒಂದು ಆಜ್ಞೆಯನ್ನು ನೆರವೇರಿಸಿದಂತಾದ್ದರಿಂದ ಅವನು ಹಿಗ್ಗಬೇಕು. ಕುಸ್ತಿಗೆ ಇಳಿದ ಇಬ್ಬರಲ್ಲಿ ಮೈಯಲ್ಲಿ ಹೆಚ್ಚು ಬಲವುಳ್ಳವನೂ ಮಂಕು ಹಿಡಿದಿದ್ದರೆ ಸೋಲುತ್ತಾನೆ ಎಂಬ ಉದಾಹರಣೆಯನ್ನು ಗ್ರಂಥಕಾರ ಕೊಡುವುದೂ ಇದಕ್ಕಾಗಿಯೇ.

ಈ ಧೈರ್ಯಕ್ಕೆ ತಾನ್ಯಾ ಕೊಡುವ ತಾತ್ತ್ವಿಕ ಆಧಾರ, ಯೆಹೂದಿಯ ಎರಡನೆಯ ಆತ್ಮ ಮೇಲಣ ದೇವರ ನಿಜವಾದ ಅಂಶ ಎಂಬ ಸಿದ್ಧಾಂತ. ಅದ್ವೈತದ ಪರಿಚಯವುಳ್ಳ ಕನ್ನಡ ಓದುಗನಿಗೆ ಇದು ಜೀವಬ್ರಹ್ಮೈಕ್ಯದಂತೆ ತೋರಬಹುದಾದರೂ ಎರಡನ್ನೂ ಒಂದೇ ಎನ್ನುವುದು ಸರಿಯಾಗಲಾರದು. ತಾನ್ಯಾದ ಆತ್ಮ ದೇವರ ಅಂಶವಾಗಿದ್ದುಕೊಂಡೇ ಆಜ್ಞೆಗೆ ಒಳಪಟ್ಟ ಸೇವಕ, ಅದರ ಗುರಿ ಲೋಕದಿಂದ ಬಿಡುಗಡೆ ಪಡೆಯುವುದಲ್ಲ, ಈ ಲೋಕವನ್ನೇ ದೇವರ ವಾಸಸ್ಥಾನವಾಗಿ ಮಾಡುವುದು.

ಬಾಅಲ್ ಶೇಮ್ ತೋವನ ಮಗಳ ಮಗಳ ಮಗನಾದ ಬ್ರಾತ್ಸ್ಲಾವದ ನಹ್ಮಾನ್ (1772–1810) ಹಿಡಿದ ದಾರಿ ಬೇರೆ. ತೀವ್ರವಾದ ಮಾನಸಿಕ ಏರಿಳಿತಗಳನ್ನು ಸ್ವತಃ ಅನುಭವಿಸಿದ್ದ ಅವನಿಗೆ ಹತಾಶೆಯೇ ಪರಮಶತ್ರುವಾಗಿ ಕಂಡಿತು. 1808ರಲ್ಲಿ ಮುದ್ರಣವಾದ ಲಿಕ್ಕುತೇ ಮೊಹರಾನ್ ಗ್ರಂಥದ 282ನೆಯ ಉಪದೇಶ ಇತರರಲ್ಲಿ ಒಳ್ಳೆಯದನ್ನು ಹುಡುಕುವ ಕರ್ತವ್ಯದಿಂದ ಆರಂಭವಾಗುತ್ತದೆ: ಪೂರ್ತಿ ದುಷ್ಟನೆನಿಸಿದವನಲ್ಲಿಯೂ ಒಂದಿಷ್ಟಾದರೂ ಒಳ್ಳೆಯದನ್ನು ಹುಡುಕಿ ಅವನನ್ನು ಪುಣ್ಯದ ಪಕ್ಷದಲ್ಲಿಟ್ಟು ತೂಗಿದರೆ ಅವನು ನಿಜವಾಗಿಯೂ ಆ ಪಕ್ಷಕ್ಕೆ ಸರಿಯುತ್ತಾನೆ. ಬಳಿಕ ನಹ್ಮಾನ್ ಇದೇ ವಿಧಾನವನ್ನು ಒಳಮುಖವಾಗಿ ತಿರುಗಿಸುತ್ತಾನೆ. ತನ್ನನ್ನು ಪರೀಕ್ಷಿಸಿಕೊಂಡವನಿಗೆ ಒಳ್ಳೆಯದೇನೂ ಕಾಣದಿರಬಹುದು, ಯಾವುದೋ ಒಂದು ಸತ್ಕಾರ್ಯ ನೆನಪಾದರೂ ಅದರೊಳಗೆ ಸ್ವಾರ್ಥ, ಡಂಭ, ದೋಷಗಳೇ ತುಂಬಿರುವುದು ಕಾಣಬಹುದು. ಆದರೂ ಆ ಕಾರ್ಯದಲ್ಲಿ ಎಲ್ಲೋ ಒಂದು ಬಿಂದುವಿನಷ್ಟು ಒಳ್ಳೆಯದು ಇರದೆ ಇರಲಾರದು. ಅದನ್ನು ಹಿಡಿದುಕೊಂಡು ಎರಡನೆಯದನ್ನು, ಮೂರನೆಯದನ್ನು ಹುಡುಕುತ್ತಾ ಹೋದರೆ ಬಿಂದುಗಳು ಸೇರಿ ರಾಗವಾಗುತ್ತವೆ, ಆಗ ಅವನಿಗೆ ಮತ್ತೆ ಪ್ರಾರ್ಥಿಸಲು ಬಾಯಿ ಬರುತ್ತದೆ. ತನ್ನ ದೋಷಗಳನ್ನು ಮುಚ್ಚಿಟ್ಟುಕೊಳ್ಳುವ ಅವಕಾಶ ಈ ಉಪದೇಶದಲ್ಲಿ ಎಲ್ಲಿಯೂ ಇಲ್ಲ. ಅತ್ಯಂತ ಕಟುವಾದ ಆತ್ಮಪರೀಕ್ಷೆಯ ಕೊನೆಯಲ್ಲಿ ಉಳಿಯುವುದನ್ನು ಮಾತ್ರ ನಹ್ಮಾನ್ ಎತ್ತಿಕೊಳ್ಳುತ್ತಾನೆ. ಈ ಪ್ರಾಮಾಣಿಕತೆಯಿಂದಾಗಿಯೇ ಅವನ ಮಾತು ಬರಿಯ ಸಮಾಧಾನದ ಮಾತಾಗಿ ಜಾರಿಹೋಗಲಿಲ್ಲ.

ಗುರುವಿನ ಮೇಲೆಯೇ ಒರಗುವ ಪ್ರವೃತ್ತಿಗೆ ಬಹಿರಂಗವಾಗಿ ಎದುರು ನಿಂತದ್ದು ಮಧ್ಯ ಪೋಲೆಂಡಿನ ಪ್ಶಿಸ್ಖಾ ಶಾಖೆ. ಗಡಿಯಾರ ನೋಡಿ ಪ್ರಾರ್ಥಿಸದೆ ಮನಸ್ಸು ಸಿದ್ಧವಾದ ಮೇಲೆ ಪ್ರಾರ್ಥಿಸುವ, ಅದಕ್ಕಾಗಿ ವಿಧಿಸಿದ ಹೊತ್ತು ಮೀರಿದರೂ ಕಾಯುವ ಅದರ ರೂಢಿ ಇತರ ಹಸೀದಿಗಳನ್ನೇ ಕೆರಳಿಸಿತ್ತು. ಅದರ ಎರಡನೆಯ ಗುರುವಾದ ಸಿಮ್ಹಾ ಬುನಿಮ್ (1765–1827) ಮರದ ವ್ಯಾಪಾರಕ್ಕಾಗಿ ದಾನ್ಸಿಗ್‌ವರೆಗೆ ಓಡಾಡಿದವನು, ಪರವಾನಗಿ ಪಡೆದ ಔಷಧವ್ಯಾಪಾರಿ. ಮನುಷ್ಯನ ಎರಡು ಜೇಬುಗಳಲ್ಲಿ ಎರಡು ಚೀಟಿಗಳಿರಬೇಕು, ಒಂದರಲ್ಲಿ ಲೋಕ ತನಗಾಗಿ ಸೃಷ್ಟಿಯಾಯಿತೆಂಬ ಮಿಶ್ನಾ ವಚನ, ಇನ್ನೊಂದರಲ್ಲಿ ತಾನು ಮಣ್ಣು ಮತ್ತು ಬೂದಿ ಎಂಬ ಅಬ್ರಹಾಮನ ಮಾತು, ಸಮಯಕ್ಕೆ ತಕ್ಕುದನ್ನು ತೆಗೆದು ಓದಬೇಕು ಎಂಬ ಪ್ರಸಿದ್ಧ ಬೋಧನೆ ಅವನ ಹೆಸರಿನಲ್ಲಿದೆ. ಅವನು ತಾನಾಗಿ ಗ್ರಂಥ ಪ್ರಕಟಿಸಲಿಲ್ಲವಾದ್ದರಿಂದ ಇಂತಹ ಮಾತುಗಳು ಬಾಯಿಂದ ಬಾಯಿಗೆ ಹರಿದು, ಮಾರ್ಟಿನ್ ಬೂಬರ್‌ನ ಸಂಗ್ರಹಗಳ ಮೂಲಕ ಇಪ್ಪತ್ತನೆಯ ಶತಮಾನದ ಓದುಗರಿಗೆ ದೊರೆತವು ಎಂಬುದನ್ನು ಮರೆಯಬಾರದು. ತನ್ನ ಬಳಿಗೆ ಮೊದಲ ಸಲ ಬಂದ ಯುವಕರಿಗೆ ಬುನಿಮ್ ಹೇಳುತ್ತಿದ್ದನೆನ್ನಲಾದ ಕ್ರಾಕೋವಿನ ಐಸಿಕನ ಕಥೆಯೂ ಹೀಗೆಯೇ ಉಳಿದುಬಂದದ್ದು. ಪ್ರಾಗ್ ನಗರದ ಅರಮನೆಯ ಸೇತುವೆಯಡಿ ನಿಧಿಯಿದೆಯೆಂದು ಕನಸು ಕಂಡ ಬಡ ಐಸಿಕ್ ಅಲ್ಲಿಗೆ ನಡೆದು ಹೋದಾಗ, ಕಾವಲಿನ ಅಧಿಕಾರಿ ಕನಸುಗಳನ್ನು ನಂಬುವವರನ್ನು ಗೇಲಿ ಮಾಡುತ್ತಾ, ಕ್ರಾಕೋವಿನಲ್ಲಿ ಐಸಿಕನೆಂಬವನ ಒಲೆಯಡಿ ನಿಧಿಯಿದೆಯೆಂದು ತನಗೂ ಕನಸು ಬಿದ್ದಿತ್ತೆನ್ನುತ್ತಾನೆ. ಸಾವಿರದೊಂದು ರಾತ್ರಿಗಳಲ್ಲಿಯೂ ಕಾಣುವ ಈ ಕಥಾವಸ್ತುವನ್ನು ಬುನಿಮ್ ಬಳಸಿಕೊಂಡ ಬಗೆಯಲ್ಲಿ ಒಂದು ಗುರುಪೀಠದ ಅಸಾಧಾರಣ ದಿಟ್ಟತನವಿದೆ: ಹುಡುಕುತ್ತಿರುವುದು ಗುರುವಿನ ಬಳಿ ಇಲ್ಲ, ಆದರೆ ಅದು ಎಲ್ಲಿದೆಯೆಂದು ತಿಳಿಯುವುದು ಗುರುವಿನ ಬಳಿಗೆ ಬಂದಾಗಲೇ.

ಬುನಿಮ್‌ನ ಶಿಷ್ಯ ಕೊತ್ಸ್ಕ್‌ನ ಮೆನಹೇಮ್ ಮೆಂದೆಲ್ (1787–1859) ಅನುಕರಣೆಯನ್ನು ಸುಳ್ಳಿನ ಒಂದು ಬಗೆಯೆಂದೇ ಕಂಡು ಶಿಷ್ಯರನ್ನು ಕಾಡಿದನು, ಬದುಕಿನ ಕೊನೆಯ ಸುಮಾರು ಇಪ್ಪತ್ತು ವರ್ಷ ಏಕಾಂತಕ್ಕೆ ಸರಿದನು. ಅವನಿಂದ ಬೇರೆಯಾದ ಇಜ್ಬಿತ್ಸಾದ ಮೊರ್ದೆಖಾಯ್ ಯೋಸೆಫ್ ಲೈನರ್, ಪ್ರತಿ ಆತ್ಮಕ್ಕೂ ಅದರದೇ ಆದ ದೋಷವೂ ಅದಕ್ಕೆ ಅಂಟಿಕೊಂಡ ಅದರದೇ ಆದ ಹಿರಿಮೆಯೂ ಇದೆಯೆಂದು ಬೋಧಿಸಿದನು. ಅವನ ಬಳಿಗೆ 1840ರ ದಶಕದಲ್ಲಿ ಬಂದು ಸೇರಿದವನು ತ್ಸಾದೋಕ್ ಹಕೋಹೇನ್ (1823–1900). ಈಗಿನ ಲಾತ್ವಿಯಾದಲ್ಲಿ ಹಸೀದಿಗಳನ್ನು ವಿರೋಧಿಸುತ್ತಿದ್ದ ಪಂಡಿತ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಾಲ್ಮುದ್ ಪಾಂಡಿತ್ಯಕ್ಕೆ ಹೆಸರಾದ ಈತ ಹಸೀದಿಯಾದದ್ದು ಸ್ವಂತ ಆಯ್ಕೆಯಿಂದ. 1888ರಲ್ಲಿ ಲುಬ್ಲಿನ್‌ನಲ್ಲಿ ಗುರುಪೀಠವನ್ನು ಒಪ್ಪಿಕೊಳ್ಳುವ ಮೊದಲು ಅವನು ದಶಕಗಳ ಕಾಲ ಬರೆಯುತ್ತಲೇ ಇದ್ದನು, ಅವನ ಗ್ರಂಥಗಳು ಬಹುಪಾಲು ಮರಣಾನಂತರ ಬೆಳಕು ಕಂಡವು. ಅವುಗಳಲ್ಲಿ ಮೊದಲಿಗೆ ಅಚ್ಚಾದವುಗಳಲ್ಲಿ ಒಂದಾದ ತ್ಸಿದ್ಕತ್ ಹತ್ಸದ್ದಿಕ್ ಚಿಕ್ಕ ಚಿಕ್ಕ ಕಂಡಿಕೆಗಳ ಗ್ರಂಥ.

ಅದರ 154ನೆಯ ಕಂಡಿಕೆ ಕೆಲವೇ ಸಾಲುಗಳದ್ದು. ದೇವರಲ್ಲಿ ನಂಬಿಕೆಯಿಡುವುದು ಹೇಗೆ ಕರ್ತವ್ಯವೋ ಅದರ ನಂತರ ತನ್ನಲ್ಲಿ ನಂಬಿಕೆಯಿಡುವುದೂ ಹಾಗೆಯೇ ಕರ್ತವ್ಯ ಎಂಬ ಮಾತಿನಿಂದ ಅದು ಆರಂಭವಾಗುತ್ತದೆ. ತನ್ನೊಡನೆ ದೇವರಿಗೆ ವ್ಯವಹಾರವಿದೆ, ಹುಟ್ಟಿ ಸತ್ತು ಇಲ್ಲವಾಗುವ ಕಾಡುಮೃಗದಂತೆ ತಾನು ವ್ಯರ್ಥನಲ್ಲ, ತನ್ನ ಆತ್ಮ ಜೀವದ ಮೂಲದಿಂದಲೇ ಬಂದಿದೆ, ತಾನು ದೇವರ ಚಿತ್ತದಂತೆ ನಡೆದಾಗ ದೇವರು ಅದರಲ್ಲಿ ಆನಂದ ಪಡುತ್ತಾನೆ ಎಂದು ನಂಬುವುದೇ ತನ್ನನ್ನು ನಂಬುವುದೆಂದು ತ್ಸಾದೋಕ್ ವಿವರಿಸುತ್ತಾನೆ. ಪ್ರಮಾಣಕ್ಕಾಗಿ ಅವನು 'ದೇವರಲ್ಲಿಯೂ ಮೋಶೆಯಲ್ಲಿಯೂ' ನಂಬಿಕೆಯಿಟ್ಟ ಜನರ ಅದೇ ವಾಕ್ಯವನ್ನು ಎತ್ತಿಕೊಳ್ಳುತ್ತಾನೆ. ಮೋಶೆಯೆಂದರೆ ಆ ತಲೆಮಾರಿನ ಆರು ಲಕ್ಷ ಇಸ್ರಾಯೇಲ್ ಆತ್ಮಗಳ ಒಟ್ಟುರೂಪ, ಹಾಗಾಗಿ ಮೋಶೆಯನ್ನು ನಂಬಿದರೆಂದರೆ ತಮ್ಮನ್ನು ದೇವರು ಬಯಸುತ್ತಾನೆ, ತಮ್ಮಲ್ಲಿರುವ ಒಳ್ಳೆಯದರಲ್ಲಿ ಹಿಗ್ಗುತ್ತಾನೆ ಎಂದು ನಂಬಿದರು ಎಂದೇ ಅರ್ಥ. ಗುರುಭಕ್ತಿಗೆ ಕಂಬವಾಗಿದ್ದ ವಾಕ್ಯ ಈ ಓದಿನಲ್ಲಿ ಶಿಷ್ಯನ ಸ್ವಂತ ನಂಬಿಕೆಗೆ ಕಂಬವಾಯಿತು, ಅದೂ ಗುರುಪೀಠವನ್ನು ಏರಿದವನೊಬ್ಬನ ಕೈಯಿಂದ. ಕ್ರಮವೂ ಮುಖ್ಯ: ದೇವರ ಮೇಲಿನ ನಂಬಿಕೆ ಮೊದಲು, ತನ್ನ ಮೇಲಿನದು ಅದರ ನಂತರ. ಮೊದಲನೆಯದಿಲ್ಲದೆ ಎರಡನೆಯದು ತ್ಸಾದೋಕನಿಗೆ ಕೇವಲ ಗರ್ವ. ಎರಡನೆಯದಿಲ್ಲದೆ ಮೊದಲನೆಯದೂ ಅರೆಯಾಗಿಯೇ ಉಳಿಯುತ್ತದೆ.

ಹಸೀದಿ ವಲಯದ ಹೊರಗೆ, ಲಿಥುವೇನಿಯಾದ ಯೆಶಿವಾಗಳಲ್ಲಿ, ಅಂದರೆ ತಾಲ್ಮುದ್ ವಿದ್ಯಾಲಯಗಳಲ್ಲಿ, ಇದೇ ಪ್ರಶ್ನೆ ಮೂಸಾರ್ ಎಂಬ ಶೀಲಶಿಕ್ಷಣದ ಚಳವಳಿಯನ್ನು ಎರಡಾಗಿ ಒಡೆಯಿತು. ಕೊವ್ನೋ ಬಳಿಯ ಸ್ಲಬೋದ್ಕಾದಲ್ಲಿ ನೋಸನ್ ತ್ಸ್ವಿ ಫಿಂಕೆಲ್ (1849–1927) ಮನುಷ್ಯನ ಹಿರಿಮೆಯನ್ನೇ ಶಿಕ್ಷಣದ ಅಡಿಗಲ್ಲಾಗಿ ಮಾಡಿದನು. ದೇವರ ಸ್ವರೂಪದಲ್ಲಿ ಹುಟ್ಟಿದವನಿಗೆ ಹೀನಕಾರ್ಯ ಒಪ್ಪುವಂಥದಲ್ಲ ಎಂಬ ಅರಿವು ಶಿಕ್ಷೆಯ ಹೆದರಿಕೆಗಿಂತ ಗಟ್ಟಿಯಾಗಿ ಹುಡುಗನನ್ನು ಕಾಯುತ್ತದೆಂದು ಅವನ ನಂಬಿಕೆ. ಅವನ ವಿದ್ಯಾರ್ಥಿಗಳು ಒಪ್ಪವಾದ ಉಡುಪು ಧರಿಸಿ, ಬೆನ್ನು ನೇರವಾಗಿಟ್ಟು ನಡೆಯಬೇಕಿತ್ತು. ನೊವರ್ದೊಕ್‌ನಲ್ಲಿ ಯೋಸೆಫ್ ಯೋಜೆಲ್ ಹೊರೊವಿತ್ಸ್ (1847–1919) ಹಿಡಿದ ದಾರಿ ಅಹಂಕಾರವನ್ನು ಮುರಿಯುವುದು. ಅಲ್ಲಿನ ಹುಡುಗರು ಹರಕು ಬಟ್ಟೆಯಲ್ಲಿ ಓಡಾಡುತ್ತಿದ್ದರು, ಔಷಧದ ಅಂಗಡಿಗೆ ಹೋಗಿ ಮೊಳೆ ಬೇಕೆಂದು ಕೇಳಿ ಜನರ ನಗೆಯನ್ನು ಸಹಿಸುವ ಅಭ್ಯಾಸ ಮಾಡುತ್ತಿದ್ದರು. ಮೇಲುನೋಟಕ್ಕೆ ಇವು ವಿರುದ್ಧ ಧ್ರುವಗಳು. ಆದರೆ ಪರರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆಂಬ ಚಿಂತೆಯಿಂದ ಬಿಡಿಸಿಕೊಳ್ಳದೆ ಸ್ವಂತ ಬಲ ಹುಟ್ಟದೆಂಬ ಅರಿವು, ಗೂಢಚಾರರ ಮಿಡತೆಗಳ ಪ್ರಸಂಗದಲ್ಲಿ ಮಿದ್ರಾಶ್ ಗುರುತಿಸಿದ್ದ ಆ ಅರಿವು, ನೊವರ್ದೊಕ್‌ನ ಕಟುವಾದ ಅಭ್ಯಾಸಗಳ ಹಿಂದೆಯೂ ಇತ್ತು.

ಈ ಎಲ್ಲ ಬೋಧನೆಗಳ ಕೇಳುಗರು ಗಂಡಸರೇ ಆಗಿದ್ದರೆಂಬುದನ್ನು ಮರೆಮಾಚುವಂತಿಲ್ಲ. ಗುರುವಿನ ಮೇಜಿನ ಸುತ್ತ ಗಂಡಂದಿರು, ಗಂಡುಮಕ್ಕಳು ಕುಳಿತಾಗ ಮನೆಯಲ್ಲಿ ಉಳಿದ ಹೆಣ್ಣುಮಕ್ಕಳಿಗೆ ತಮ್ಮ ಆತ್ಮದ ಹಿರಿಮೆಯ ವಿಚಾರವನ್ನು ಕಲಿಸುವ ಶಾಲೆಯೇ ಇರಲಿಲ್ಲ. ಬೆಲ್ಜ್ ಹಸೀದಿ ಕುಟುಂಬದಲ್ಲಿ ಹುಟ್ಟಿ ಕ್ರಾಕೋವಿನಲ್ಲಿ ಬಟ್ಟೆ ಹೊಲಿದು ಜೀವಿಸುತ್ತಿದ್ದ ಸಾರಾ ಶೆನಿರರ್ (1883–1935) ಈ ಕೊರತೆಯನ್ನು ಕಂಡು 1917ರಲ್ಲಿ ಆರಂಭಿಸಿದ ಬೇಯ್ಸ್ ಯಾಕೋವ್ ಶಾಲೆ ಮುಂದೆ ಪೋಲೆಂಡಿನ ಉದ್ದಗಲಕ್ಕೂ ಹಬ್ಬಿತು. ಸಿದ್ಧಾಂತ ಬರೆಯದಿದ್ದರೂ ಈ ದರ್ಜಿಹೆಣ್ಣು ಮಾಡಿದ ಕೆಲಸ ಈ ಚರಿತ್ರೆಯಲ್ಲಿ ಹಲವು ಗ್ರಂಥಗಳಿಗೆ ಸಮನಾದದ್ದು.

ವಾರ್ಸಾ ಬಳಿಯ ಪಿಯಾಸೆಚ್ನೊದ ಗುರು ಕಲೊನಿಮುಸ್ ಕಲ್ಮನ್ ಶಪೀರಾ (1889–1943) ಆ ದಿನಗಳಲ್ಲಿಯೇ ಹುಡುಗರ ಶಿಕ್ಷಣದ ಬಗ್ಗೆ ಅಷ್ಟೇ ತೀವ್ರವಾಗಿ ಯೋಚಿಸುತ್ತಿದ್ದನು. ಯುವಕರು ಮನೆಯ ಧರ್ಮವನ್ನು ತೊರೆದು ನಗರದ ಬೇರೆ ಬೇರೆ ಚಳವಳಿಗಳತ್ತ ಹೋಗುತ್ತಿದ್ದಾಗ ಹಲವು ಹಿರಿಯರು ಅವರನ್ನು ಬೈದರು. ಶಪೀರಾ ದೋಷವನ್ನು ಕಲಿಸುವ ವಿಧಾನದಲ್ಲಿ ಕಂಡನು. 1932ರಲ್ಲಿ ವಾರ್ಸಾದಲ್ಲಿ ಪ್ರಕಟವಾದ ಹೊವತ್ ಹತಲ್ಮೀದಿಮ್, ಅಂದರೆ ವಿದ್ಯಾರ್ಥಿಗಳ ಕರ್ತವ್ಯ, ಮೊದಲು ಉಪಾಧ್ಯಾಯರೊಡನೆ ಮತ್ತು ತಂದೆಯರೊಡನೆ ಮಾತನಾಡುತ್ತದೆ, ಬಳಿಕ ಅವರನ್ನು ಬದಿಗಿರಿಸಿ ಹುಡುಗನನ್ನೇ ನೇರವಾಗಿ ಸಂಬೋಧಿಸುತ್ತದೆ. ಆಜ್ಞೆ ಮತ್ತು ರೂಢಿಗಳಿಂದ ಮಾತ್ರ ಶಿಕ್ಷಣವಾಗದು, ಮಗುವಿನೊಳಗೆ ಅಡಗಿರುವ ಆತ್ಮವನ್ನು ಹೊರತರುವುದೇ ಶಿಕ್ಷಣ, ಅದನ್ನು ಹೊರತರಬೇಕಾದ ಮುಖ್ಯ ಶಿಕ್ಷಕ ಆ ಹುಡುಗನೇ ಎಂಬುದು ಅದರ ನಿಲುವು. ಹುಡುಗ ತನ್ನನ್ನು ತಾನು ಬೆಳೆಸಿಕೊಳ್ಳುವ ಹೊಣೆ ಹೊರಬೇಕಾದರೆ ಬೆಳೆಸುವಂಥದೊಂದು ತನ್ನಲ್ಲಿದೆಯೆಂದು ಅವನು ಮೊದಲು ನಂಬಬೇಕು. ಅದಕ್ಕಾಗಿ ಗ್ರಂಥ ಅವನನ್ನು ಚಿಕ್ಕವನೆಂದು ಎಲ್ಲಿಯೂ ತಳ್ಳಿಹಾಕದೆ, ದೊಡ್ಡ ಗುರಿಯನ್ನೇ ಅವನ ಮುಂದಿಟ್ಟು ಮಾತನಾಡುತ್ತದೆ.

1939ರ ಸೆಪ್ಟೆಂಬರಿನ ಬಾಂಬ್ ದಾಳಿಯ ದಿನಗಳಲ್ಲಿ ಶಪೀರಾ ತನ್ನ ಮಗನನ್ನೂ ಸೊಸೆಯನ್ನೂ ಕಳೆದುಕೊಂಡನು. ವಾರ್ಸಾ ಘೆಟ್ಟೊದಲ್ಲಿ 1942ರವರೆಗೆ ಅವನು ನೀಡಿದ ಪ್ರವಚನಗಳನ್ನು ಬರೆದಿಟ್ಟು, ತಿದ್ದಿ, ಇತರ ಹಸ್ತಪ್ರತಿಗಳೊಡನೆ ನೆಲದಲ್ಲಿ ಹೂಳಲು ಒಪ್ಪಿಸಿದನು. ದೊರೆತವರು ಅವುಗಳನ್ನು ತೆಲ್ ಅವೀವ್‌ನಲ್ಲಿದ್ದ ತನ್ನ ಸಹೋದರನಿಗೆ ತಲುಪಿಸಬೇಕೆಂದು ಪತ್ರವನ್ನೂ ಇಟ್ಟನು. 1943ರ ನವೆಂಬರಿನಲ್ಲಿ ನಾಟ್ಸಿಗಳು ಅವನನ್ನು ಕೊಂದರು. ಯುದ್ಧದ ನಂತರ ಅವಶೇಷಗಳಡಿ ದೊರೆತ ಆ ಕಟ್ಟಿನಲ್ಲಿದ್ದ ಪ್ರವಚನಗಳು 1960ರಲ್ಲಿ ಏಶ್ ಕೋದೇಶ್ ಎಂಬ ಹೆಸರಿನಲ್ಲಿ ಇಸ್ರೇಲಿನಲ್ಲಿ ಅಚ್ಚಾದವು. ಅದೇ ಕಟ್ಟಿನಲ್ಲಿ ವಿದ್ಯಾರ್ಥಿಗಳ ಕರ್ತವ್ಯಕ್ಕೆ ಮುಂದುವರಿಕೆಯಾಗಿ ಪ್ರಾಯದ ತರುಣರಿಗಾಗಿ ಅವನು ಬರೆದಿದ್ದ ಗ್ರಂಥಗಳೂ ಇದ್ದವು. ತನ್ನ ಭಾವನೆಗಳನ್ನು, ಕಲ್ಪನೆಯನ್ನು, ಯೋಚನೆಗಳ ಹರಿವನ್ನು ತರುಣನು ತಾನೇ ಗಮನಿಸಿ ಗುರುತಿಸಿ ಬಲಪಡಿಸಿಕೊಳ್ಳುವ ಅಭ್ಯಾಸಗಳನ್ನು ಅವು ಹಂತಹಂತವಾಗಿ ಕಲಿಸುತ್ತವೆ, ಇಂದಿಗೂ ಹಸೀದಿ ಅಲ್ಲದ ಯೆಶಿವಾಗಳಲ್ಲಿಯೂ ಅವುಗಳನ್ನು ಓದುತ್ತಾರೆ.